ಅತ್ತೆಯ ಪಡವಲ, ನನ್ನ ಪದವಿ

ನಾನು ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗದ ಕೆಲಸ ಎಂದು ಮೊದಲು ಹೇಳಿದವಳು ನಮ್ಮ ಸೋದರತ್ತೆ ರಂಗಮ್ಮ. ಕೃಷಿ ಕಾಲೇಜಿಗೆ ಹೊರಟ ದಿನ ಹರಿಯಬ್ಬೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, "ಜಿರಲೆ ಕಂಡ್ರೆ ಮಂಚ ಹತ್ತೋನು ಹುಳದ ಪಾಠ ಓದ್ತಾನಂತೆ. ಆತು ಬಿಡು" ಎಂದಿದ್ದಳು. ನಮ್ಮ ವಂಶದಲ್ಲಿ ಹತ್ತನೇ ತರಗತಿ ದಾಟಿದವರೇ ಇರಲಿಲ್ಲವಾದ್ದರಿಂದ ಅವಳ ಮಾತಿಗೆ ಆಧಾರವಿತ್ತು. ಕೀಟಶಾಸ್ತ್ರದಲ್ಲಿ ಎರಡು ಸಲ ಫೇಲಾಗಿ ನಾನೂ ಅದಕ್ಕೆ ಸಾಕಷ್ಟು ಬೆಂಬಲ ಕೊಟ್ಟೆ. ಮೂರನೇ ಸಲ ಪಾಸಾದೆ. ಹೀಗೆ ಹೆಣಗಾಡಿ ಪಾಸಾದವರಿಗೆಲ್ಲ ಒಂದು ಕಾಯಿಲೆ ಇರುತ್ತದೆ. ಕಲಿತದ್ದನ್ನು ದಿನಕ್ಕೆ ಒಬ್ಬರಿಗಾದರೂ ಹೇಳದಿದ್ದರೆ ಉಂಡ ಮುದ್ದೆ ಅರಗುವುದಿಲ್ಲ.

ಘಟಿಕೋತ್ಸವಕ್ಕೆ ಕಾಯುತ್ತ ಊರಿನಲ್ಲಿದ್ದಾಗ ನನಗೆ ಸಿಕ್ಕವಳು ಅತ್ತೆಯೇ. ಎರಡು ಮನೆಯಾಚೆ ಅವಳ ಹಿತ್ತಿಲು, ಅಲ್ಲೊಂದು ಪಡವಲದ ಚಪ್ಪರ. ಅತ್ತೆಯ ಮದುವೆಯಲ್ಲಿ ನಮ್ಮಜ್ಜಿ ಅವಳ ಸೆರಗಿಗೆ ಕಟ್ಟಿ ಕಳಿಸಿದ ಬೀಜದ ಸಂತತಿ ಅದು. ಹೊಳಲ್ಕೆರೆಯಲ್ಲಿರುವ ತನ್ನ ಮಗಳಿಗೂ ಅತ್ತೆ ಬೀಜ ಕೊಟ್ಟಿದ್ದಳು, ಅಲ್ಲಿ ಕೋಳಿ ಕೆದಕಿ ಹೋಯಿತು. ಇಲ್ಲಿ ಬೀಜದ ಡಬ್ಬಿಗೆ ಇಲಿ ಬಿದ್ದು ಉಳಿದದ್ದು ನಾಲ್ಕು ಕಾಳು, ಹುಟ್ಟಿದ್ದು ಒಂದೇ ಬಳ್ಳಿ. ಬೀಜಕ್ಕೆಂದು ಬಿಟ್ಟ ಒಂದು ಕಾಯಿ ಹಣ್ಣಾದರೆ ಅಜ್ಜಿಯ ಪಡವಲ ಉಳಿಯಿತು, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಒಂದು ಮಧ್ಯಾಹ್ನ ಬಳ್ಳಿಯ ಬುಡದಲ್ಲಿ ಗಾಜಿನಂಥ ರೆಕ್ಕೆಯ ಹುಳಗಳು ಸುಳಿಯುತ್ತಿದ್ದವು. ಅತ್ತೆ ಪೊರಕೆ ಎತ್ತಿದಳು.

"ಬಿಡತ್ತೆ, ಹೊಡೀಬ್ಯಾಡ. ಅವು ಕಣಜ. ಬ್ಯಾರೆ ಹುಳ ಹಿಡಿದು ತಿಂತಾವೆ. ರೈತರ ಮಿತ್ರ" ಎಂದೆ.

"ಕಣಜನಾ? ಕಣಜಕ್ಕೆ ನಡು ದಾರದಂಗೆ ಇರ್ತೈತೆ ಕಣೋ. ಇದಕ್ಕೆ ನಡುವೇ ಇಲ್ಲ."

"ಜಾತಿ ಬಾಳ ಅವೆ ಅತ್ತೆ."

"ಇರಬೋದು. ಓದಿದೋನು ನೀನು" ಎಂದು ಪೊರಕೆ ಇಳಿಸಿದಳು. ಅವಳ ಬಾಯಿಂದ ಆ ಮಾತು ಕೇಳಲೆಂದೇ ನಾನು ಅಷ್ಟು ವರ್ಷ ಓದಿದ್ದು. ಆ ದಿನ ಎರಡು ಮುದ್ದೆ ಉಂಡೆ.

ಕೆಲವು ವಾರಗಳಲ್ಲಿ ಬಳ್ಳಿಯ ಕಾಂಡ ಅಲ್ಲಲ್ಲಿ ಗಂಟು ಗಂಟಾಗಿ ಊದಿತು. ಕುಡಿ ಬಾಡತೊಡಗಿತು. ಅತ್ತೆ ಬ್ಲೇಡಿನಿಂದ ಒಂದು ಗಂಟು ಸೀಳಿದಳು. ಒಳಗೆ ಬೆಳ್ಳನೆಯ ಹುಳ.

"ನಿನ್ನ ಮಿತ್ರ ಒಳಗೇ ಸಂಸಾರ ಹೂಡೈತೆ ನೋಡಪ್ಪ."

ನಾನು ಮನೆಗೆ ಓಡಿ ಕಾಲೇಜಿನ ರೆಕಾರ್ಡ್ ಪುಸ್ತಕ ತೆಗೆದೆ. ಅದೇ ಗಾಜಿನ ರೆಕ್ಕೆ, ಹಿಂಗಾಲಿಗೆ ಅದೇ ಕೂದಲ ಕುಚ್ಚು, ನಾನೇ ಬಣ್ಣ ತುಂಬಿದ್ದು. ಕೆಳಗೆ ನನ್ನದೇ ಅಕ್ಷರ: ನೋಡಲು ಕಣಜದಂತೆ, ಆದರೆ ಪತಂಗ, ಮರಿಹುಳು ಪಡವಲದ ಕಾಂಡ ಕೊರೆದು ಗಂಟು ಕಟ್ಟುತ್ತದೆ, ಇದರ ದಾಯಾದಿಗಳು ಮರಗಳನ್ನೂ ಬಿಡುವುದಿಲ್ಲ. ಮೇಷ್ಟ್ರು ಕೆಂಪು ಮಸಿಯಲ್ಲಿ 'ಉತ್ತಮ' ಎಂದು ಬರೆದಿದ್ದರು. ಆ ಪುಟವನ್ನು ರೂಮಿನ ಗೆಳೆಯನಿಂದ ನಕಲು ಮಾಡುವಾಗ ನಾನು ನೋಡಿದ್ದು ಬಣ್ಣವನ್ನು ಮಾತ್ರ.

ಪುಸ್ತಕ ಹಿಡಿದುಕೊಂಡೇ ಹೋಗಿ ತಪ್ಪೊಪ್ಪಿಕೊಂಡೆ. ಅತ್ತೆ ಬೈಯಲಿಲ್ಲ. "ಕಣ್ಣಾರೆ ಕಂಡೂ ನಿನ್ನ ಮಾತು ಕೇಳಿದ್ನಲ್ಲ, ನನಗೆ ಹೇಳ್ಬೇಕು. ಬಾ, ಮುಂದೇನು ಮಾಡಾಣ ಅಂತ ಐತೆ ಅದರಾಗೆ?"

ಗಂಟನ್ನು ಉದ್ದಕ್ಕೆ ಸೀಳಿ ಹುಳ ತೆಗೆಯಬೇಕು, ಬಳ್ಳಿಯ ಗೆಣ್ಣನ್ನು ನೆಲಕ್ಕೆ ಒತ್ತಿ ಮಣ್ಣು ಏರಿಸಿದರೆ ಅಲ್ಲೇ ಹೊಸ ಬೇರು ಬಿಡುತ್ತದೆ ಎಂದೆ. ಅವಳು ಸೀಳಿದಳು. ಜಿರಲೆ ಕಂಡರೆ ಮಂಚ ಹತ್ತುವ ನಾನು ಒಂದೊಂದೇ ಹುಳವನ್ನು ಬೆರಳಿನಿಂದ ಹೆಕ್ಕಿದೆ. ಗಾಯಗಳಿಗೆ ಅತ್ತೆ ಹಸಿ ಮಣ್ಣು ಮೆತ್ತಿ, ಹಳೇ ಸೀರೆಯ ಚೂರು ಸುತ್ತಿದಳು. ಚಿಕ್ಕಂದಿನಲ್ಲಿ ನನ್ನ ಮೊಣಕಾಲಿಗೂ ಅವಳು ಹೀಗೇ ಸುತ್ತುತ್ತಿದ್ದಳು. ಆಮೇಲೆ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಇಬ್ಬರೂ ಬಳ್ಳಿಯ ಮುಂದೆ ನಿಲ್ಲುತ್ತಿದ್ದೆವು.

ಬಳ್ಳಿಯ ಅರ್ಧ ಒಣಗಿತು, ಅರ್ಧ ಉಳಿಯಿತು. ಉಳಿದ ಅರ್ಧದಲ್ಲಿ ಬೀಜಕ್ಕೆ ಬಿಟ್ಟಿದ್ದ ಆ ಕಾಯಿ ಕೆಂಪಗೆ ಹಣ್ಣಾಗಿ ಬಿರಿಯಿತು. ಅತ್ತೆ ಬೀಜಕ್ಕೆ ಬೂದಿ ಹಚ್ಚಿ, ಬಟ್ಟೆಯಲ್ಲಿ ಕಟ್ಟಿ, ಈ ಸಲ ಇಲಿಗೆ ಸಿಗದಂತೆ ಟ್ರಂಕಿನಲ್ಲಿಟ್ಟಳು.

ಘಟಿಕೋತ್ಸವ ಮುಗಿಸಿ ಬಸ್ಸಿಳಿದವನು ನೇರ ಅವಳ ಮನೆಗೇ ಹೋಗಿ ಸರ್ಟಿಫಿಕೇಟನ್ನು ಕೈಗೆ ಕೊಟ್ಟೆ. ಕೈ ಒರೆಸಿಕೊಂಡು ಇಸಿದುಕೊಂಡಳು, ಕಣ್ಣಿಗೊತ್ತಿಕೊಂಡಳು, ನನ್ನನ್ನು ಕೇಳದೆ ಟ್ರಂಕು ತೆರೆದು ಬೀಜದ ಗಂಟಿನ ಪಕ್ಕದಲ್ಲಿಟ್ಟಳು. ಆಮೇಲೆ ಘಟಿಕೋತ್ಸವದಲ್ಲಿ ನಾನು ತೆಗೆಸಿದ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಕಪ್ಪು ನಿಲುವಂಗಿ, ಹೆಗಲ ಮೇಲೆ ಹಳದಿ ಪಟ್ಟಿ.

"ಎಲ್ಲಾ ಕಣಜದಂಗೇ ಐತಪ್ಪ" ಎಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಡು ಒಂದು ಸಣ್ಣ ಇಲ್ಲ."