ಎಂಟನೇ ಮಹಡಿಯ ವೂಂವೂಂ

ಅಗ್ಗದಲ್ಲಿ ಒಳ್ಳೆಯ ಸಾಮಾನು ಆರಿಸುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ ಎಂದು ಡ್ರೈವಿಂಗ್ ಮೇಷ್ಟ್ರು ನಂಬಿದ್ದರು. ಆ ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಾಗ, ಅರ್ಧ ಮುಖ ನೊರೆಯಲ್ಲಿರುವಾಗಲೇ ಶಪಥ ಮಾಡಿಬಿಟ್ಟರು.

"ಒಂದೇ ವಾರ! ಖರ್ಚು ಕಡಿಮೆ, ಗಿರಕಿ ಜಾಸ್ತಿ! ಹೆಂಡತಿಯ ಕಿವಿಗೂ ಬೀಳಬಾರದು, ಕಾಲಿಗೂ ಸಿಗಬಾರದು!"

ವಿಷಯ ಗಿಟಾರಿನದು. ಬೆಳಿಗ್ಗೆ ಸಂಜೆ ಜನರಿಗೆ ಕ್ಲಚ್ ಬಿಡುವುದನ್ನು ಕಲಿಸಿ ಜೀವ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬರುವ ಮೇಷ್ಟ್ರಿಗೆ ಮಧ್ಯಾಹ್ನದ ಹೊತ್ತು ಗಿಟಾರೇ ಗತಿ. ಇತ್ತೀಚೆಗೆ ಅವರಿಗೆ ಒಂದು ನಾದದ ಹುಚ್ಚು ಹಿಡಿದಿತ್ತು. ತಿರುಗುವ ನಾದ! ಹಿಂದೆಲ್ಲ ದೊಡ್ಡ ಮರದ ಪೆಟ್ಟಿಗೆಯೊಳಗೆ ಸ್ಪೀಕರಿನ ಬಾಯನ್ನೇ ಮೋಟಾರು ಕಟ್ಟಿ ಗಿರಗಿರ ತಿರುಗಿಸುತ್ತಿದ್ದರಂತೆ. ಸ್ವರ ಉಯ್ಯಾಲೆಯಲ್ಲಿ ಕೂತ ಹಾಗೆ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಆ ಪೆಟ್ಟಿಗೆಯನ್ನು ಮನೆಗೆ ತರಬೇಕಾದರೆ ಮೊದಲು ಮನೆಯವರನ್ನೆಲ್ಲ ಹೊರಗೆ ಹಾಕಬೇಕು. ಹಾಗಾಗಿ ಈಗ ಅದೇ ನಾದವನ್ನು ಅನುಕರಿಸುವ ಪುಟ್ಟ ಡಬ್ಬಿಗಳು ಬಂದಿವೆ. ಕಾಲಲ್ಲಿ ಒತ್ತಿದರೆ ಸಾಕು. ಅದಕ್ಕೆ ಪೆಡಲ್ ಎನ್ನುತ್ತಾರೆ. ಅಂಥದ್ದೊಂದನ್ನು ವಾರದೊಳಗೆ ಆರಿಸಿ ತರುವುದೇ ಮೇಷ್ಟ್ರ ಶಪಥ.

ಮೇಷ್ಟ್ರ ಮನೆಯಲ್ಲಿ ಪೆಡಲ್‌ಗಳಿಗೆ ಬರವಿರಲಿಲ್ಲ. ಬರವಿದ್ದದ್ದು ಹೆಂಡತಿಯ ಸಹನೆಗೆ. ಹೋದ ತಿಂಗಳು ಒಂದು ಡಬ್ಬಿಯನ್ನು ಎಡವಿ ಹೆಬ್ಬೆರಳು ಊದಿಸಿಕೊಂಡಿದ್ದ ಅವರು ಸ್ಪಷ್ಟವಾಗಿ ಹೇಳಿದ್ದರು: "ನೋಡ್ರೀ, ಇನ್ನೊಂದು ಡಬ್ಬಿ ಈ ಮನೆ ಒಳಗೆ ಬಂದ್ರೆ, ಡಬ್ಬಿ ಒಳಗಿರುತ್ತೆ, ನೀವು ಹೊರಗಿರ್ತೀರ!" ಆಕೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು. ದಿನವಿಡೀ ಜನರ ರಕ್ತ ತೆಗೆದ ಕೈ, ಮನೆಗೆ ಬಂದ ತಕ್ಷಣ ಸುಮ್ಮನಾಗುವುದಿಲ್ಲ. ಸಾಲದ್ದಕ್ಕೆ ಅವರಿದ್ದ ಎಂಟು ಮಹಡಿ ಕಟ್ಟಡದ ಸಂಘಕ್ಕೂ ಆಕೆಯೇ ಸೆಕ್ರೆಟರಿ.

ಮೇಷ್ಟ್ರು ಸಂಗೀತದ ಅಂಗಡಿಗೆ ಹೋದರು. ಅಂಗಡಿಯವನು ಗಾಜಿನ ಮೇಲೆ ಎರಡು ಡಬ್ಬಿ ಇಟ್ಟ.

"ಈ ಕೆಂಪಗಿರೋದು ತಿರುಗೋ ಸ್ಪೀಕರ್ ಥರಾನೇ ಸಾರ್. ಒಂದ್ಸಲ ಒತ್ತಿದ್ರೆ ನಿಧಾನದಿಂದ ಜೋರಿಗೆ ಏರುತ್ತೆ, ಮತ್ತೆ ಒತ್ತಿದ್ರೆ ಇಳಿಯುತ್ತೆ. ಹಸಿರಾಗಿರೋದು ವೈಬ್. ಅದು ನೀರೊಳಗೆ ಕೂತು ಬಾರಿಸಿದ ಹಾಗಿರುತ್ತೆ."

"ಯಾವುದು ಒಳ್ಳೇದು?"

"ಎರಡೂ ಒಳ್ಳೇದೇ ಸಾರ್."

"ಹೋಗಲಿ, ಯಾವುದು ಅಗ್ಗ?"

"ಎರಡಕ್ಕೂ ಒಂದೇ ರೇಟು ಸಾರ್."

ಮೇಷ್ಟ್ರು ದಂಗಾದರು! ಜೀವಮಾನವಿಡೀ ಪಳಗಿಸಿಕೊಂಡ ವಿದ್ಯೆ ಒಂದೇ ಮಾತಿಗೆ ನೆಲ ಕಚ್ಚಿತು. ಅವರ ಮುಖ ನೋಡಿ ಅಂಗಡಿಯವನಿಗೇ ಅಯ್ಯೋ ಅನಿಸಿ, "ಎರಡೂ ತಗೊಂಡ್ಹೋಗಿ ಸಾರ್. ಬಾರಿಸಿ ನೋಡಿ, ಬೇಡದ್ದು ವಾಪಸ್ ತನ್ನಿ" ಎಂದ.

ಎಂಟನೇ ಮಹಡಿಯ ತಮ್ಮ ಮನೆಯಲ್ಲಿ ಮೇಷ್ಟ್ರು ಗುಪ್ತ ಕಾರ್ಯಾಚರಣೆಗೆ ಸಜ್ಜಾದರು. ಗಿಟಾರಿನ ಸ್ಪೀಕರನ್ನು ಬಟ್ಟೆಯ ಬೀರುವಿನೊಳಗೆ ತೂರಿಸಿ, ಸುತ್ತಲೂ ಕಂಬಳಿ ತುರುಕಿ, ಬಾಗಿಲು ಒತ್ತಿ ಮುಚ್ಚಿದರು. ಸ್ವರ ಬೀದಿಗೆ ಹೋಗಲಿಲ್ಲ, ಅಡುಗೆಮನೆಗೂ ಹೋಗಲಿಲ್ಲ. ಆದರೆ ಬೀರುವಿನ ಬೆನ್ನಿಗಿದ್ದ ಗೋಡೆಯ ಆಚೆ ಮಾವನವರ ಮಂಚವಿತ್ತು. ತಂತಿಯ ಇಂಪನ್ನೆಲ್ಲ ಕಂಬಳಿ ನುಂಗಿತು. ಗೋಡೆ ದಾಟಿದ್ದು ಗುಡುಗುಡು ಮಾತ್ರ.

ಮಾವನವರು ಲಿಫ್ಟ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮಗಳ ಮನೆಗೆ ಬಂದ ಮೇಲೆ ಬಾಲ್ಕನಿಯ ಕುರ್ಚಿಗೂ ಮಂಚಕ್ಕೂ ಮಧ್ಯೆ ಓಡಾಡುತ್ತ, ಯಾರಾದರೂ ಮಾತಾಡಿಸಿದರೆ "ಹೂಂ" ಅನ್ನುತ್ತ ಕಾಲ ಕಳೆಯುತ್ತಿದ್ದರು. ಅಂಥವರು ಅವತ್ತು ರಾತ್ರಿ ಊಟಕ್ಕೆ ಕೂತಾಗ ತಟ್ಟೆ ಸರಿಸಿ ಬಾಯಿ ತೆರೆದರು.

"ಈ ಬಿಲ್ಡಿಂಗಿನ ಲಿಫ್ಟ್ ಮೋಟಾರಿಗೆ ಕೇಡುಗಾಲ ಬಂದಿದೆ."

"ಯಾಕಪ್ಪಾ?" ಎಂದರು ಸೆಕ್ರೆಟರಿ.

"ನಮ್ಮ ತಲೆ ಮೇಲೇ ಅಲ್ವಾ ಮೋಟಾರ್ ರೂಮು? ಮಧ್ಯಾಹ್ನ ಮಲಗಿದ್ದೆ. ಮೊದಲು ನಿಧಾನಕ್ಕೆ ವೂಂ... ವೂಂ... ವೂಂ... ಅಂತು. ಇದ್ದಕ್ಕಿದ್ದಂಗೆ ವೂಂವೂಂವೂಂವೂಂ! ಬೇರಿಂಗ್ ಹೋಗಿದೆ. ಇವತ್ತೋ ನಾಳೆಯೋ ಜನರ ಸಮೇತ ಕೆಳಗಿಳಿಯುತ್ತೆ!"

ಮೇಷ್ಟ್ರು ಎತ್ತಿದ ತುತ್ತನ್ನು ತಟ್ಟೆಗೇ ವಾಪಸ್ ಇಟ್ಟರು. ಕೆಂಪು ಡಬ್ಬಿಯ ಏರಿಳಿತವನ್ನು ಮಾವ ಒಂದು ಎಳೆಯೂ ತಪ್ಪದೆ ಬಾಯಲ್ಲಿ ಬಾರಿಸಿಬಿಟ್ಟಿದ್ದರು!

"ನೀವೂ ಮನೇಲೇ ಇದ್ರಲ್ಲ ಅಳಿಯಂದ್ರೇ, ಕೇಳಿಸಲಿಲ್ವಾ?"

"ನಾನಾ? ನಾನು... ನಿದ್ದೆ ಹೋಗಿದ್ದೆ ಮಾವ."

ಸೆಕ್ರೆಟರಿ ಕೈ ತೊಳೆಯುವುದಕ್ಕೂ ಕಾಯಲಿಲ್ಲ. ಎದ್ದು ಹೋಗಿ ಲಿಫ್ಟಿನ ಮೇನ್ ಸ್ವಿಚ್ ಆರಿಸಿ, ಪ್ರತಿ ಮಹಡಿಯಲ್ಲೂ 'ಅಪಾಯ' ಎಂಬ ಚೀಟಿ ಅಂಟಿಸಿ ಬಂದರು. ಲಿಫ್ಟ್ ಕಂಪನಿಗೆ ಫೋನು ಮಾಡಿದರೆ, ಮುಂದಿನ ವಾರ ನೋಡೋಣ ಎಂದರು.

ಮೇಷ್ಟ್ರಿಗೆ ಬೆವರಿತು. ಸತ್ಯ ಹೇಳಿದರೆ ಡಬ್ಬಿ ಒಳಗೆ, ತಾವು ಹೊರಗೆ. ಹೇಳದಿದ್ದರೆ ಎಂಟು ಮಹಡಿಯ ಜನ ಮೆಟ್ಟಿಲ ಮೇಲೆ. ಅವರು ಮಧ್ಯದ ದಾರಿ ಹುಡುಕಿದರು. ಏರಿಳಿತದ ಗಲಾಟೆ ಇರುವುದು ಕೆಂಪು ಡಬ್ಬಿಯಲ್ಲಿ. ಮರುದಿನ ಹಸಿರು ಡಬ್ಬಿ ಬಾರಿಸಿದರಾಯಿತು! ಮಾವ ಏನೂ ಕೇಳಿಸಲಿಲ್ಲ ಅನ್ನುತ್ತಾರೆ, ಲಿಫ್ಟು ತಾನೇ ತಾನಾಗಿ ಗುಣವಾಯಿತು ಎಂದು ಎಲ್ಲರೂ ಸಂತೋಷಪಡುತ್ತಾರೆ!

ಮರುದಿನ ಸಂಜೆ ಮಾವನವರು ಬಾಗಿಲಲ್ಲೇ ಮಗಳನ್ನು ತಡೆದು ನಿಲ್ಲಿಸಿದರು. "ಕೈ ಮೀರ್ತಾ ಇದೆ ಕಣಮ್ಮಾ! ಇವತ್ತು ಸದ್ದು ಬದಲಾಗಿದೆ. ನೀರೊಳಗೆ ಗುಳುಗುಳು ಅಂದ ಹಾಗೆ. ಎಣ್ಣೆ ಸೋರಿ ಒಳಗೆ ತುಂಬ್ಕೊಂಡಿದೆ!"

"ಆದ್ರೆ ಅಪ್ಪಾ, ಲಿಫ್ಟ್ ಆರಿಸಿದೀವಲ್ಲ!"

"ಅದೇ ಮತ್ತೆ! ಆರಿಸಿದ ಮೇಲೂ ಸದ್ದು ಬರ್ತಿದೆ ಅಂದ್ರೆ ಕೇಸು ಎಷ್ಟು ಸೀರಿಯಸ್ ಅಂತ ಯೋಚನೆ ಮಾಡು! ಕಂಪನಿಯವರನ್ನ ಕಾಯ್ತಾ ಕೂತ್ಕೋಬೇಡ. ಮೋಟಾರ್ ರೂಮಿನ ಬೀಗದ ಕೈ ಕೊಡು. ನಾನೇ ಬಿಚ್ತೀನಿ."

ಗಂಡನ ಹಣೆಯ ಬೆವರನ್ನು ಸೆಕ್ರೆಟರಿ ಲಿಫ್ಟಿನ ಗಾಬರಿಯೆಂದೇ ತಿಳಿದರು. ಬೀಗದ ಕೈ ಕೊಟ್ಟುಬಿಟ್ಟರು.

ಆಮೇಲೆ ನಡೆದದ್ದು ಲಂಕಾದಹನಕ್ಕೆ ಕಡಿಮೆಯಲ್ಲ. ಬಾಲ್ಕನಿಯ ಕುರ್ಚಿಯಿಂದ ಏಳಲು ಮೂರು ಸಲ ಉಸ್ಸೆನ್ನುತ್ತಿದ್ದ ಮಾವನವರು ಮರುದಿನ ಬೆಳಗಾಗುತ್ತಲೇ ಸ್ಪ್ಯಾನರ್ ಚೀಲ ಹೆಗಲಿಗೇರಿಸಿಕೊಂಡು ತಾರಸಿಗೆ ಹಾರಿದರು. ಮಧ್ಯಾಹ್ನದೊಳಗೆ ಮೋಟಾರಿನ ಕರುಳೆಲ್ಲ ಹಳೇ ಪೇಪರಿನ ಮೇಲೆ ಸಾಲಾಗಿ ಬಿಸಿಲು ಕಾಯಿಸುತ್ತಿತ್ತು.

ಕೆಳಗೆ ಮೆಟ್ಟಿಲಲ್ಲಿ ಜನರ ಏದುಸಿರಿನ ಜಾತ್ರೆ. ಮೇಷ್ಟ್ರ ಪಾಠಕ್ಕೆ ಬರುವ ಏಳನೇ ಮಹಡಿಯ ಹೆಂಗಸು ಕಾರಿನಲ್ಲಿ ಕೂತವರೇ ಕ್ಲಚ್ ಒತ್ತಲಾರದೆ ಅತ್ತರು. "ಕಾಲೇ ಬರ್ತಿಲ್ಲ ಮೇಷ್ಟ್ರೇ!" ಸಂಜೆ ಆರನೇ ಮಹಡಿಯ ವಕೀಲರು ಮೆಟ್ಟಿಲ ತಿರುವಿನಲ್ಲಿ ಸೆಕ್ರೆಟರಿಯನ್ನು ಅಡ್ಡಗಟ್ಟಿದರು.

"ಮೇಡಂ, ನಿಮ್ಮ ತಂದೆಯವರ ಕಿವಿಗೋಸ್ಕರ ನಮ್ಮ ಮೊಣಕಾಲು ಕೊಡ್ಬೇಕಾ? ಆ ಸದ್ದು ಇನ್ಯಾರಿಗೂ ಕೇಳಿಸಿಲ್ಲವಲ್ಲ!"

ತರಕಾರಿ ಚೀಲ ಹೊತ್ತು ಹಿಂದೆ ಬರುತ್ತಿದ್ದ ಮೇಷ್ಟ್ರು ಗೋಡೆಗೆ ಒರಗಿದರು. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತರು.

"ಸಾರ್, ನಮ್ಮಪ್ಪನ ಕಿವಿ ಸುಳ್ಳು ಹೇಳಲ್ಲ! ತಪ್ಪಾಗಿದ್ರೆ ನಾಳೆನೇ ಸೆಕ್ರೆಟರಿ ಕೆಲಸ ಬಿಡ್ತೀನಿ!"

ಮೇಷ್ಟ್ರ ಕಿವಿಯಲ್ಲೇ ಈಗ ವೂಂವೂಂ ಎಂದಿತು. ತಾನು ಒಂದು ಡಬ್ಬಿ ಆರಿಸಲು ಹೋಗಿ ಹೆಂಡತಿಯ ಮಾನ, ಮಾವನ ಹೆಸರು ಎರಡನ್ನೂ ಪಣಕ್ಕಿಟ್ಟಿದ್ದೇನೆ! ಮಾವ ಎಷ್ಟು ಹುಡುಕಿದರೂ ಆ ಮೋಟಾರಿನಲ್ಲಿ ದೋಷ ಸಿಗುವುದಿಲ್ಲ. ಎಲ್ಲರೂ ಆ ಹಿರಿಯರನ್ನು ನೋಡಿ ನಗುತ್ತಾರೆ. ಈ ಯೋಚನೆ ಬಂದದ್ದೇ ಮೇಷ್ಟ್ರು ಚೀಲವನ್ನು ಅಲ್ಲೇ ಹೆಂಡತಿಯ ಕೈಗೆ ತುರುಕಿ, ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ತಾರಸಿಗೆ ಓಡಿದರು.

ಮಾವನವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಬೇರಿಂಗನ್ನು ಮಗುವಿನ ಮುಖ ಒರೆಸುವಂತೆ ಒರೆಸುತ್ತಿದ್ದರು. ತುಟಿಯಲ್ಲಿ ಸಣ್ಣ ಗುನುಗು ಬೇರೆ!

"ಮಾವ, ನನ್ನನ್ನ ಕ್ಷಮಿಸಿಬಿಡಿ! ಆ ಸದ್ದು ಮೋಟಾರಿಂದಲ್ಲ. ನನ್ನ ಗಿಟಾರಿಂದು. ಒಂದನ್ನ ಆರಿಸೋಣ ಅಂತ ಎರಡು ಪೆಡಲ್ ತಂದಿದ್ದೆ, ಮೊನ್ನೆ ಕೆಂಪಿಂದು, ನಿನ್ನೆ ಹಸಿರಿಂದು. ಸ್ಪೀಕರ್ ಬೀರುವಲ್ಲಿಟ್ಟು ಬಾರಿಸ್ತಿದ್ದೆ."

ಮಾವನವರು ಬೇರಿಂಗನ್ನು ಬಿಸಿಲಿಗೆ ಹಿಡಿದು ನೋಡಿದರು.

"ಗೊತ್ತು."



"ಗೊ... ಗೊತ್ತಾ? ಯಾವಾಗಿಂದ?"

"ಮೊದಲನೇ ದಿನ ನಿಜವಾಗ್ಲೂ ಮೋಸ ಹೋದೆ. ಎರಡನೇ ದಿನ ಅದು ಅರ್ಧದಲ್ಲಿ ನಿಂತು, ಟೊಂಯ್ ಟೊಂಯ್ ಅಂತ ಶ್ರುತಿ ಸರಿ ಮಾಡ್ಕೊಂಡು, ಮತ್ತೆ ಶುರುವಾಯ್ತು. ಯಾವ ಮೋಟಾರು ಶ್ರುತಿ ಸರಿ ಮಾಡ್ಕೊಳುತ್ತೆ ಅಳಿಯಂದ್ರೇ?"

"ಮತ್ತೆ ಇದನ್ನೆಲ್ಲ ಬಿಚ್ಚಿದ್ದು ಯಾಕೆ?"

ಮಾವನವರು ಆಚೀಚೆ ನೋಡಿ ದನಿ ತಗ್ಗಿಸಿದರು. "ನಿವೃತ್ತಿ ಆದ್ಮೇಲೆ ಒಂದು ಬೋಲ್ಟೂ ಮುಟ್ಟಿಲ್ಲ ಕಣ್ರೀ. ತಲೆ ಮೇಲೇ ಮೋಟಾರಿದೆ, ಕೈ ತುರಿಸುತ್ತೆ. ಸುಮ್ ಸುಮ್ನೆ ಕೇಳಿದ್ರೆ ನಿಮ್ಮ ಹೆಂಡ್ತಿ ಬೀಗದ ಕೈ ಕೊಡ್ತಿದ್ಲಾ? ನೀವಾಗೇ ದಾರಿ ಮಾಡ್ಕೊಟ್ರಿ, ನಾನು ಬಿಡ್ತೀನಾ!"

ಮೇಷ್ಟ್ರು ದೊಪ್ಪನೆ ಪೇಪರಿನ ಅಂಚಿನಲ್ಲಿ ಕೂತುಬಿಟ್ಟರು. ಇಷ್ಟು ದಿನ ತಾವು ಮಾವನನ್ನು ಏಮಾರಿಸಿದೆವೆಂದು ನರಳಿದ್ದೇ ಬಂತು!

"ಅಂದ ಹಾಗೆ, ಹಸಿರಿಂದು ಇಟ್ಕೊಳ್ಳಿ. ಕೆಂಪಿಂದು ವಾಪಸ್ ಕೊಡಿ" ಎಂದರು ಮಾವ. "ಕೆಂಪಿಂದು ವೇಗ ಏರೋದೇನೋ ಚೆನ್ನಾಗಿದೆ, ನಿಲ್ಲೋದು ಶುದ್ಧ ಸುಳ್ಳು. ತಿರುಗೋ ಸಾಮಾನು ಹಾಗೆ ಟಕ್ ಅಂತ ನಿಲ್ಲಲ್ಲ. ಉಸಿರು ಬಿಡ್ತಾ ಬಿಡ್ತಾ ನಿಲ್ಲುತ್ತೆ. ಹಸಿರು ನಾದ ಮಾತ್ರ ಆಹಾ! ನಿನ್ನೆ ಕೇಳ್ತಾ ಕೇಳ್ತಾ ಸೊಗಸಾಗಿ ನಿದ್ದೆ ಬಂತು. ಅವಳಿಗೆ ಹೇಳಬೇಡಿ, ನಾನೂ ಹೇಳಲ್ಲ."

"ಯಾರಿಗೆ?" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಇಬ್ಬರೂ ಬೆಚ್ಚಿ ತಿರುಗಿದರು. ಎರಡೂ ಕೈಯಲ್ಲಿ ಚೀಲ, ಮುಖದ ತುಂಬ ಬೆವರು, ಎದೆಯಲ್ಲಿ ಏದುಸಿರು. ಸೆಕ್ರೆಟರಿ!

"ನೀನು... ಯಾವಾಗ ಬಂದೆ?" ಎಂದರು ಮೇಷ್ಟ್ರು.

"ಮೋಟಾರು ಶ್ರುತಿ ಸರಿ ಮಾಡ್ಕೊಳೋ ಹೊತ್ತಿಗೆ."

ಮಾವನವರು ಥಟ್ಟನೆ ಒಂದು ಸ್ಪ್ಯಾನರ್ ಎತ್ತಿಕೊಂಡು ಕೈಗೆ ಸಿಕ್ಕ ನಟ್ಟನ್ನು ಬಿಗಿಯತೊಡಗಿದರು. ಅದಕ್ಕೆ ಬೋಲ್ಟೇ ಇರಲಿಲ್ಲ.

"ಅಪ್ಪಾ, ಇದನ್ನೆಲ್ಲ ವಾಪಸ್ ಜೋಡಿಸೋಕೆ ಎಷ್ಟು ದಿನ ಬೇಕು?"

"ಅವಸರ ಮಾಡಬಾರದಮ್ಮಾ. ನಿಧಾನಕ್ಕೆ, ಒಂದೊಂದೇ..."

"ಸರಿ. ಜೋಡಿಸು." ಆಕೆ ಗಂಡನ ಕಡೆ ತಿರುಗಿದರು. ದನಿ ಏರಲಿಲ್ಲ. ಅದೇ ಮೇಷ್ಟ್ರನ್ನು ಹೆಚ್ಚು ಹೆದರಿಸಿತು. "ನೀವು ಹೊರಗೇನೂ ಹೋಗ್ಬೇಕಾಗಿಲ್ಲ ಬಿಡಿ. ಬಿಲ್ಡಿಂಗ್ ಒಳಗೇ ಬೇಕಾದಷ್ಟು ಕೆಲಸ ಇದೆ."

ಅಷ್ಟರಲ್ಲಿ ಕೆಳಗಿನಿಂದ ವಕೀಲರ ಕೂಗು ಮೆಟ್ಟಿಲೇರಿ ಬಂತು. "ಸೆಕ್ರೆಟರಿ ಮೇಡಂ! ನನ್ನ ಕಾನೂನು ಪುಸ್ತಕದ ನಾಲ್ಕು ಪೆಟ್ಟಿಗೆ ಕೆಳಗೆ ಬಂದು ಕೂತಿದೆ! ಲಿಫ್ಟ್ ರೆಡಿ ಆಯ್ತಾ, ಇಲ್ವಾ?"

ಆಕೆ ಮೇಷ್ಟ್ರನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ಅಳೆದು ನೋಡಿ, ಮೆಟ್ಟಿಲ ಕಂಬಿಯ ಮೇಲೆ ಬಾಗಿ ಗಟ್ಟಿಯಾಗಿ ಹೇಳಿದರು:

"ರೆಡಿ ಸಾರ್! ಈಗಲೇ ಕೆಳಗೆ ಕಳಿಸ್ತಿದೀನಿ!"