ಒಂಬತ್ತು ಪದವೀಧರರ ನಾಪತ್ತೆ ಪ್ರಕರಣ

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಅಪ್ಪ ಸಾರಕ್ಕಿ ಮಾರುಕಟ್ಟೆಯಲ್ಲಿ ಸೊಪ್ಪು ಮಾರುತ್ತಿದ್ದರು. ನಾನು ಹಗಲು ಗಾರ್ಮೆಂಟ್ಸ್ ಫ್ಯಾಕ್ಟರಿಯ ಸ್ಟೋರಿನಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿದೆ. ಇಂಗ್ಲಿಷ್ ಪೇಪರು ನನ್ನನ್ನು ಎರಡು ಸಲ ಕೆಡವಿತು. ಮೂರನೇ ಸಲ ನಾನು ಅದನ್ನು ಕೆಡವಿದೆ. ಅಂದಿನಿಂದ ಕೊರಿಯರಿನವನ ಚೀಟಿಗೂ ‘ಸಿದ್ದರಾಜು, ಬಿ.ಕಾಂ.’ ಎಂದೇ ಸಹಿ ಹಾಕುತ್ತೇನೆ. ಇದನ್ನು ಜಂಬ ಎಂದು ಯಾರಾದರೂ ಕರೆದರೆ ನನ್ನ ಆಕ್ಷೇಪಣೆ ಏನೂ ಇಲ್ಲ.

ಇಂಥವನಿಗೆ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆ ಎಂದರೆ ಮನೆಯ ಮದುವೆ ಇದ್ದ ಹಾಗೆ. ಡಿಗ್ರಿ ಇದ್ದವರಿಗೆ ಮಾತ್ರ ಮತ! ಆದರೆ ಪ್ರತಿ ಸಲವೂ ಹೊಸದಾಗಿ ಅರ್ಜಿ ಕೊಟ್ಟು ಪಟ್ಟಿಗೆ ಸೇರಬೇಕು. ಸಾರಕ್ಕಿಯ ನಮ್ಮ ಬೀದಿಯಲ್ಲಿ ನನ್ನನ್ನೂ ಸೇರಿಸಿ ಒಂಬತ್ತು ಪದವೀಧರರು. ಎಲ್ಲರೂ ಅವರವರ ಮನೆಯಲ್ಲಿ ಮೊದಲಿಗರೇ. ಯಾರೂ ಕೆಲಸಕ್ಕೆ ರಜೆ ಹಾಕುವುದು ಬೇಡ, ಎಲ್ಲರ ಅರ್ಜಿಯನ್ನೂ ನಾನೇ ಕೊಟ್ಟು ಬರುತ್ತೇನೆ ಎಂದು ಘೋಷಿಸಿದೆ. ಒಂಬತ್ತು ಅರ್ಜಿ, ಜೊತೆಗೆ ಪದವಿ ಪತ್ರದ ಪ್ರತಿಗಳು, ಎಲ್ಲವನ್ನೂ ಸೀರೆ ಅಂಗಡಿಯ ಒಂದು ಕವರಿಗೆ ತುಂಬಿಕೊಂಡು ಹೊರಟೆ. ಸಂಜೆ ಬೀದಿಗೆಲ್ಲ ‘ಕೆಲಸ ಮುಗೀತು’ ಎಂದು ವರದಿ ಒಪ್ಪಿಸಿದೆ.

ಕೆಲವು ವಾರಗಳ ಮೇಲೆ ಕರಡು ಪಟ್ಟಿ ಬಂತು. ನನ್ನ ಹೆಸರಿರಲಿಲ್ಲ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಇರಲಿಲ್ಲ. ಎದುರು ಮನೆಯ ಪುಟ್ಟಸ್ವಾಮಿ ಅವರ ಮಗಳು ದಿವ್ಯಾಳ ಹೆಸರೂ ಇರಲಿಲ್ಲ. ಒಂಬತ್ತರಲ್ಲಿ ಒಂದೂ ಇರಲಿಲ್ಲ.

ಒಂದು ಹೆಸರು ಬಿಟ್ಟುಹೋದರೆ ಕೈತಪ್ಪು. ಒಂಬತ್ತೂ ಹೋದರೆ? ನಾನು ಓದಿದವನು, ತರ್ಕ ಬಲ್ಲವನು. ಬಾಗಿಲಲ್ಲಿ ನೆರೆದ ಜನರಿಗೆ ಹೇಳಿದೆ: “ಇದು ಆಕಸ್ಮಿಕ ಅಲ್ಲ. ಇದರ ಹಿಂದೆ ಒಂದೇ ಕೈ ಇದೆ.”

ಈ ಮಾತು ಅಕ್ಷರಶಃ ನಿಜವಾಗಿತ್ತು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಪುಟ್ಟಸ್ವಾಮಿ ಯಾರ ಕೈ ಎಂದು ಕೇಳಿದರು. ಅವರು ನಾಲ್ಕು ಬಾಡಿಗೆ ಮನೆಗಳ ಮಾಲೀಕರು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಬೀದಿಯಲ್ಲಿ ಯಾವ ಸರ್ಕಾರಿ ಕಾಗದ ಬಂದರೂ ಮೊದಲು ನನ್ನ ಹತ್ತಿರ ತರುವವರು. ಅಂಥವರು ಕೇಳಿದಾಗ ‘ನನಗೆ ಗೊತ್ತಿಲ್ಲ’ ಎನ್ನಬಹುದಿತ್ತು. ಆದರೆ ಆ ವಾಕ್ಯವನ್ನು ಡಿಗ್ರಿ ಬಂದ ಮೇಲೆ ನಾನು ಬಳಸಿರಲೇ ಇಲ್ಲ. ಆದ್ದರಿಂದ ವಿವರಿಸಿದೆ. ಮೊದಲ ತಲೆಮಾರಿನ ಪದವೀಧರರು ಯಾರ ಜೇಬಿನಲ್ಲೂ ಇಲ್ಲ, ಯಾರಿಗೆ ಮತ ಹಾಕುತ್ತಾರೋ ಹೇಳಲಾಗದು, ಹಾಗಾಗಿ ಮೇಲಿನವರಿಗೆ ನಮ್ಮನ್ನು ಕಂಡರೆ ಭಯ, ಅದಕ್ಕೇ ಹುಡುಕಿ ಹುಡುಕಿ ತೆಗೆಸಿದ್ದಾರೆ. ಮಾತಾಡುತ್ತಾ ಹೋದಂತೆ ನನಗೇ ನಂಬಿಕೆ ಬರುತ್ತಾ ಹೋಯಿತು. ಸುಖವೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅಪ್ಪನನ್ನು ಯಾರೂ ಯಾವ ಪಟ್ಟಿಯಿಂದಲೂ ತೆಗೆದವರಲ್ಲ. ಸೇರಿಸಿದ್ದರೆ ತಾನೇ ತೆಗೆಯುವುದು. ನನ್ನನ್ನಾದರೋ ವಿಧಾನಸೌಧವೇ ಸಂಚು ಹೂಡಿ ತೆಗೆಯಬೇಕಾಯಿತು. ಒಂದೇ ತಲೆಮಾರಿನಲ್ಲಿ ಎಂಥಾ ಪ್ರಗತಿ!

ನನ್ನ ಹೆಂಡತಿ ಮಂಜುಳ ಅವರೆಕಾಯಿ ಸುಲಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. “ಅರ್ಜಿ ಕೊಟ್ಟಿದ್ದಕ್ಕೆ ಚೀಟಿ ಏನಾದ್ರೂ ಕೊಟ್ಟಿದ್ರಾ?”

“ಅದೇ ಕಣೇ ಪಿತೂರಿ. ಕೊಡಲೇ ಇಲ್ಲ.”

“ನೀವು ಕೇಳಿದ್ರಾ?”

ಇಂಥ ಪ್ರಶ್ನೆಗಳಿಂದಲೇ ಚಳವಳಿಗಳು ಹಾಳಾಗುವುದು.

ಮಾರನೆಯ ಬೆಳಿಗ್ಗೆ ಜೆ.ಪಿ. ನಗರದಲ್ಲಿರುವ ನನ್ನ ಷಡ್ಡಕನಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಸಂಜೆ ಪುಟ್ಟಸ್ವಾಮಿ ಓಡಿ ಬಂದರು. ಜೆ.ಪಿ. ನಗರದಲ್ಲೂ ಇಪ್ಪತ್ತು ಪದವೀಧರರ ಹೆಸರು ಹೋಗಿದೆಯಂತೆ, ವಾಟ್ಸಾಪಿನಲ್ಲಿ ಬಂದಿದೆ! ನನ್ನ ಮೈ ಜುಮ್ಮೆಂದಿತು. ಎರಡನೇ ಸಾಕ್ಷಿ ಸಿಕ್ಕಿತ್ತು! ನನ್ನದೇ ಕಥೆ ಷಡ್ಡಕನ ಮನೆಗೆ ಹೋಗಿ, ಅಲ್ಲಿ ಊಟ ಮಾಡಿ, ದಪ್ಪಗಾಗಿ ಮನೆಗೆ ಮರಳಿದೆ ಎಂದು ನನಗೆ ಹೊಳೆಯಲೇ ಇಲ್ಲ. ನಾನು ಅದಕ್ಕೆ ‘ಖಚಿತ ಮಾಹಿತಿ’ ಎಂಬ ತಲೆಬರಹ ಕೊಟ್ಟು ಇನ್ನೂ ಐದು ಗುಂಪುಗಳಿಗೆ ಕಳಿಸಿದೆ.

ಇನ್ನು ಆರೋಪಿ ಬೇಕಿತ್ತು. ಮೇಲಿನವರು ತುಂಬಾ ಮೇಲಿದ್ದರು, ಕೈಗೆ ಸಿಗುವವರಲ್ಲ. ನೀವು ಅರ್ಜಿ ಕೊಟ್ಟಿದ್ದು ಯಾರ ಕೈಗೆ ಎಂದು ಜನ ಕೇಳಿದರು. ಚುನಾವಣಾ ಕಚೇರಿಯ ಎರಡನೇ ಕೌಂಟರಿನಲ್ಲಿ ಗೀತಾ ಎಂಬ ಹೆಣ್ಣುಮಗಳು ಕೂತಿದ್ದದ್ದು ನೆನಪಿತ್ತು. ಗುತ್ತಿಗೆ ನೌಕರೆ. ನಾನು ಅವಳನ್ನು ನೋಡಿದ್ದು ನಾಲ್ಕು ನಿಮಿಷ. ಅವಳ ಕೈಗೇ ಕೊಟ್ಟೆ ಎಂದು ದೇವರ ಮೇಲೆ ಆಣೆ ಮಾಡಿದೆ. ಆಣೆ ಮಾಡುವಾಗ ಆ ದೃಶ್ಯ ಕಣ್ಣಿಗೆ ಕಟ್ಟಿದಂತೆ ಕಂಡಿತು: ನಾನು ಕೊಡುತ್ತೇನೆ, ಅವಳು ಕುಹಕ ನಗು ನಗುತ್ತಾಳೆ. ನಗುವನ್ನು ನನ್ನ ತಲೆ ಆ ಕ್ಷಣಕ್ಕೆ ತಯಾರಿಸಿ ಕೊಟ್ಟಿತು.

ಮನವಿ ಬರೆದವನೂ ನಾನೇ. ‘ಪದವೀಧರರನ್ನು ಹತ್ತಿಕ್ಕುವ ವ್ಯವಸ್ಥಿತ ಸಂಚಿನ ಅಂಗವಾಗಿ, ಸದರಿ ನೌಕರೆಯು ಒಂಬತ್ತು ಅರ್ಜಿಗಳನ್ನು ನಾಶಪಡಿಸಿರುವುದು ನಿಸ್ಸಂಶಯವಾಗಿದ್ದು, ಆಕೆಯನ್ನು ಈ ಕೂಡಲೇ ಕೆಲಸದಿಂದ ತೆಗೆಯತಕ್ಕದ್ದು.’ ಅಂಥ ಕನ್ನಡವನ್ನು ನಾನು ಪರೀಕ್ಷೆಯಲ್ಲೂ ಬರೆದಿರಲಿಲ್ಲ. ಅರವತ್ತು ಸಹಿ ಬಿದ್ದವು.

ಸೋಮವಾರ ಬೆಳಿಗ್ಗೆ ಕಚೇರಿಯ ಮುಂದೆ ನಮ್ಮವರು ಮೂವತ್ತು ಜನ ಸೇರಿದರು. ಒಳಗಿನಿಂದ ಸುದ್ದಿ ಬಂತು: ಅಧಿಕಾರಿಗಳು ಗಲಾಟೆ ಬೇಡ ಎನ್ನುತ್ತಿದ್ದಾರೆ, ಮನವಿ ಕೈಗೆ ಬಂದ ತಕ್ಷಣ ಆ ಹುಡುಗಿಯನ್ನು ಕಳಿಸಿಬಿಡುತ್ತಾರಂತೆ. ಗುತ್ತಿಗೆಯವರಿಗೆ ನೋಟೀಸೂ ಬೇಕಿಲ್ಲ. ನಾಳೆಯಿಂದ ಬರಬೇಡಮ್ಮ ಎಂದರೆ ಮುಗಿಯಿತು. ಮನವಿಗೆ ಇನ್ನೆರಡು ಪ್ರತಿ ಬೇಕೆಂದು ನಾನು ಎದುರಿಗಿದ್ದ ಜೆರಾಕ್ಸ್ ಅಂಗಡಿಗೆ ಹೋದೆ.

ಅಂಗಡಿಯ ಹೆಂಗಸು ನನ್ನ ಮುಖ ನೋಡಿದವರೇ, “ಸದ್ಯ ಬಂದ್ರಲ್ಲ ಸಾರ್. ಕವರ್ ಇಲ್ಲೇ ಬಿಟ್ಟು ಹೋಗಿದ್ರಿ. ಯಾರದ್ದೋ ಡಿಗ್ರಿ, ಪಾಪ ಅಂತ ಎತ್ತಿಟ್ಟಿದ್ದೆ” ಎಂದು ಸೀರೆ ಅಂಗಡಿಯ ಕವರನ್ನು ಮುಂದಿಟ್ಟರು.

ಒಳಗೆ ಒಂಬತ್ತೂ ಇದ್ದವು. ಮೇಲಿನದು ನನ್ನದೇ.

ಮೊದಲ ಅರ್ಧ ನಿಮಿಷ ನಾನು ಯೋಚಿಸಿದ್ದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ಕಚೇರಿಯವರೇ ಕದ್ದು ತಂದು ಇಲ್ಲಿಟ್ಟಿದ್ದಾರೆ. ಈ ಹೆಂಗಸೂ ಅವರ ಕಡೆಯವರೇ. ಎಷ್ಟು ಆಳದ ಸಂಚು! ಆಮೇಲೆ, ಬೇಡ ಬೇಡ ಎಂದರೂ, ಆ ದಿನ ನೆನಪಾಯಿತು. ಗೀತಾ ಅರ್ಜಿಗಳನ್ನು ಮುಟ್ಟಿಯೇ ಇರಲಿಲ್ಲ. ನನ್ನ ಪದವಿ ಪತ್ರದ ಪ್ರತಿ ಇಲ್ಲ, ಮಾಡಿಸಿಕೊಂಡು ಬನ್ನಿ ಸಾರ್, ಒಟ್ಟಿಗೇ ತಗೊಳ್ತೀನಿ ಎಂದಿದ್ದಳು. ಈ ಅಂಗಡಿಗೆ ಬಂದೆ. ನೀರಿನ ಟ್ಯಾಂಕರ್ ಬಂದಿದೆ, ಸಂಪಿನ ಬೀಗದ ಕೈ ನಿಮ್ಮ ಜೇಬಲ್ಲೇ ಇದೆ ಎಂದು ಮಂಜುಳ ಫೋನ್ ಮಾಡಿದಳು. ನಾನು ಕವರನ್ನು ಅಲ್ಲೇ ಬಿಟ್ಟು ಓಡಿದ್ದೆ. ಟ್ಯಾಂಕರಿನ ಗಡಿಬಿಡಿ ಮುಗಿಯುವ ಹೊತ್ತಿಗೆ ಅರ್ಜಿ ಕೊಟ್ಟೇ ಬಂದಿದ್ದೇನೆ ಎಂದು ನಂಬಿಯೂ ಆಗಿತ್ತು.

ಒಂದು ಕೈಯಲ್ಲಿ ಕವರು, ಇನ್ನೊಂದರಲ್ಲಿ ಮನವಿ. ರಸ್ತೆಯ ಆಚೆ ಮೂವತ್ತು ಜನ ನನ್ನ ಹೆಸರಿಗೆ ಜೈ ಎನ್ನುತ್ತಿದ್ದರು. ಕವರನ್ನು ಅಲ್ಲೇ ಬಿಟ್ಟು ಹೋದರೆ ಯಾರಿಗೂ ಗೊತ್ತಾಗದು. ಕೆಲಸ ಹೋಗುವುದು ನನ್ನದಲ್ಲ, ಮರ್ಯಾದೆ ಹೋಗುವುದಾದರೆ ಪೂರ್ತಿ ನನ್ನದು. ಅಷ್ಟರಲ್ಲಿ ಪುಟ್ಟಸ್ವಾಮಿ ಬಂದು ಮನವಿ ಕಿತ್ತುಕೊಂಡು, ಸಾಹೇಬರು ಕರೀತಿದ್ದಾರೆ ಎಂದು ನನ್ನನ್ನು ಎಳೆದುಕೊಂಡೇ ಹೋದರು. ಕವರು ನನ್ನ ಕಂಕುಳಲ್ಲಿತ್ತು.

ಅಧಿಕಾರಿಗಳ ಕೋಣೆಯಲ್ಲಿ ಗೀತಾ ಬೀರುವಿಗೆ ಒರಗಿ ನಿಂತಿದ್ದಳು. ಅವಳಿಗೆ ಕುಹಕದ ಮುಖವೇ ಇರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. “ನನ್ನ ಕೈಗೆ ಬಂದಿಲ್ಲ ಸಾರ್. ಬಂದಿದ್ರೆ ರಿಜಿಸ್ಟರಲ್ಲಿ ಬರೀತಿದ್ದೆ” ಎಂದಳು. ಪುಟ್ಟಸ್ವಾಮಿ, ಬರೆಯದೆ ಇರುವುದೇ ಸಂಚಿಗೆ ಸಾಕ್ಷಿ ಎಂದರು. ಆ ವಾದ ಅವರಿಗೆ ಕಲಿಸಿದವನು ನಾನು. ಅಧಿಕಾರಿಗಳು ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ತೆಗೆದರು.

“ಕೊಟ್ಟಿಲ್ಲ” ಎಂದೆ. ಇನ್ನೊಮ್ಮೆ ಬಿಡಿಸಿ ಹೇಳಿದೆ. “ಆಯಮ್ಮಂಗೆ ನಾನು ಕೊಟ್ಟೇ ಇಲ್ಲ ಸಾರ್. ಜೆರಾಕ್ಸ್ ಅಂಗಡೀಲಿ ಬಿಟ್ಟಿದ್ದೆ. ತಪ್ಪು ನಂದು.” ಕವರನ್ನು ಮೇಜಿನ ಮೇಲಿಟ್ಟೆ.

ಗೀತಾ ನನ್ನನ್ನು ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕಣ್ಣೊರೆಸಿಕೊಂಡು ಅರ್ಜಿಗಳನ್ನು ಎಣಿಸಿದಳು. “ಹೆಸರು ಸೇರಿಸೋಕೆ ಇನ್ನೂ ಟೈಮ್ ಇದೆ, ತಗೊಳ್ತೀನಿ. ನಿಮ್ಮದಕ್ಕೆ ಇನ್ನೂ ಜೆರಾಕ್ಸ್ ಇಲ್ಲ ಸಾರ್. ಮಾಡಿಸ್ಕೊಂಡು ಬನ್ನಿ. ಮಿಕ್ಕಿದ್ದೆಲ್ಲ ಇಲ್ಲೇ ಇರಲಿ.”

ಅಧಿಕಾರಿಗಳು ಎಲ್ಲವನ್ನೂ ಬರವಣಿಗೆಯಲ್ಲಿ ಕೊಡಿ ಎಂದರು. ಕೊಟ್ಟೆ. ‘ನನ್ನ ಬೇಜವಾಬ್ದಾರಿಯಿಂದ’ ಎಂದು ಬರೆದು, ಕೈ ರೂಢಿಯಂತೆ ಕೆಳಗೆ ಬಿ.ಕಾಂ. ಎಂದೂ ಹಾಕಿತು.

ಹೊರಗೆ ಬಂದು ಮೂವತ್ತು ಜನರಿಗೆ ಅದನ್ನೇ ಹೇಳಿದೆ. ಕಲ್ಲು ಬೀಳಬಹುದೆಂದು ಕಾದೆ. ಪುಟ್ಟಸ್ವಾಮಿ ನನ್ನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದರು.

“ಸಿದ್ದರಾಜಣ್ಣ, ಯಾರು ಫೋನ್ ಮಾಡಿದ್ರು? ನನ್ನ ಹತ್ರ ಹೇಳು. ಹೆದರ್ಕೋಬೇಡ, ನಾವಿದ್ದೀವಿ.”

ಯಾರೂ ಮಾಡಿಲ್ಲ, ನಾನೇ ಮರೆತಿದ್ದು ಎಂದೆ. ಅವರು ಮರುಕದಿಂದ ನಕ್ಕರು. ಹಗಲೆಲ್ಲ ದುಡಿದು ಸಂಜೆ ಓದಿ ಡಿಗ್ರಿ ತಗೊಂಡವನು ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಮರೆತು ಬರುತ್ತಾನಾ, ಈ ಮಾತನ್ನು ಯಾರಾದರೂ ನಂಬುತ್ತಾರಾ ಎಂದು ಕೇಳಿದರು. ಅಂಗಡಿಗೆ ಕರೆದುಕೊಂಡು ಹೋಗಿ ಆ ಹೆಂಗಸಿನ ಬಾಯಲ್ಲೇ ಹೇಳಿಸಿದೆ. ಅವರನ್ನೂ ಕೊಂಡುಕೊಂಡಿದ್ದಾರೆ ಎಂದು ತೀರ್ಮಾನವಾಯಿತು. ಗೀತಾಳ ಕೆಲಸ ಉಳಿಯಿತು, ಅದೊಂದು ಪುಣ್ಯ. ಅಂತಿಮ ಪಟ್ಟಿಯಲ್ಲಿ ಒಂಬತ್ತೂ ಹೆಸರು ಬಂದಾಗ, ನಮ್ಮ ಹೋರಾಟಕ್ಕೆ ಸರ್ಕಾರವೇ ಬಗ್ಗಿತು ಎಂದು ಬೀದಿಯಲ್ಲಿ ಪಟಾಕಿ ಹೊಡೆದರು. ನನಗೆ ಹಾರ ಹಾಕುವುದೋ ಬೇಡವೋ ಎಂಬ ಬಗ್ಗೆ ಮಾತ್ರ ಎರಡು ಬಣಗಳಾದವು. ಒಂದು ಬಣದ ಪ್ರಕಾರ ನನ್ನನ್ನು ಹೆದರಿಸಿದ್ದಾರೆ. ಇನ್ನೊಂದರ ಪ್ರಕಾರ ನನಗೆ ವಸಂತಪುರದಲ್ಲಿ ಸೈಟು ಕೊಟ್ಟಿದ್ದಾರೆ. ನಾನು ಬರೀ ದಡ್ಡ ಎಂಬ ಮೂರನೇ ಬಣಕ್ಕೆ ಒಬ್ಬ ಸದಸ್ಯನೂ ಸಿಗಲಿಲ್ಲ.

ತಪ್ಪೊಪ್ಪಿಕೊಂಡ ಆ ಸೋಮವಾರ ಸಂಜೆಯೇ ಮನೆಯಲ್ಲಿ ಮಂಜುಳಳ ಮುಂದೆ ನನ್ನ ಹೇಳಿಕೆಯ ಪ್ರತಿಯನ್ನೂ ಖಾಲಿ ಕವರನ್ನೂ ಸಾಕ್ಷಿಯಾಗಿ ಹರಡಿ ಇಟ್ಟು, ನಡೆದದ್ದನ್ನು ಮೊದಲಿನಿಂದ ಹೇಳಲು ಬಾಯಿ ತೆರೆದೆ. ಅವಳು ಆ ಕಾಗದಗಳ ಕಡೆ ನೋಡಲೂ ಇಲ್ಲ.

“ಎಲ್ಲೋ ಬಿಟ್ಟು ಬಂದಿದ್ರಿ ಅಲ್ವಾ?” ಎಂದಳು.

ಸಾಕ್ಷಿ ಕೇಳದೆ, ಒಂದೇ ಉಸಿರಿಗೆ ಸತ್ಯವನ್ನು ನಂಬಿದ್ದು ಇಡೀ ಸಾರಕ್ಕಿಯಲ್ಲಿ ಅವಳೊಬ್ಬಳೇ. ಅವಳು ಓದಿದ್ದು ಪಿಯುಸಿ ತನಕ. ಪದವೀಧರ ಕ್ಷೇತ್ರದಲ್ಲಿ ಅವಳಿಗೆ ಮತವಿಲ್ಲ.