ಮಾವನ ಮನೆಯ ಮುಂದೆ ಹಾದ ಓಟ

ನಲವತ್ತರ ಹತ್ತಿರ ಬಂದ ಮನುಷ್ಯ ವೇದಿಕೆ ಹತ್ತಬಾರದು. ಹತ್ತಿದರೂ ಮೈಕಿನ ಹತ್ತಿರ ಸುಳಿಯಬಾರದು. ಬಸವಕಲ್ಯಾಣದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ನಾನು ಎಪ್ಪತ್ತರ ದಶಕದ ಕೊನೆಯಲ್ಲೊಮ್ಮೆ ಈ ಎರಡೂ ತಪ್ಪು ಮಾಡಿದೆ. ಊರಿನ ತರುಣರು ಅರ್ಧ ಮ್ಯಾರಥಾನ್ ಇಟ್ಟುಕೊಂಡಿದ್ದರು. ಹುಮನಾಬಾದ್ ರಸ್ತೆಯಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಆಚೆಯ ಒಂದು ಕಲ್ಲಿನಿಂದ ನಮ್ಮ ಕಾಲೇಜಿನ ಮೈದಾನದವರೆಗೆ ಓಟ. ಅದರ ಪ್ರಚಾರದ ಸಭೆಯಲ್ಲಿ, ಇಂದಿನ ಹುಡುಗರಿಗೆ ಬಸ್ಸು ಹಿಡಿಯಲು ಓಡುವುದೂ ಬರುವುದಿಲ್ಲ ಎಂದುಬಿಟ್ಟೆ. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ ಎದ್ದು, "ಸರ್, ನೀವೂ ಓಡ್ತೀರೇನ್ರಿ?" ಎಂದ. ಚಪ್ಪಾಳೆಯ ನಡುವೆ ನನ್ನ ಬಾಯಿ ನನ್ನನ್ನು ಕೇಳದೆ, "ಓಡ್ತೀನಿ, ಮುಗಸ್ತೀನಿ" ಎಂದಿತು. ಹತ್ತು ಗಂಟೆಯೊಳಗೆ ಮೈದಾನ ಮುಟ್ಟಿದವರ ಹೆಸರು ಮಾತ್ರ ಪಟ್ಟಿಗೆ ಸೇರುತ್ತಿತ್ತು. ಅದರಲ್ಲಿ ನನ್ನ ಹೆಸರಿಲ್ಲದಿದ್ದರೆ ಸೋಮವಾರ ಆ ತರಗತಿಗೆ ಯಾವ ಮುಖ ಹೊತ್ತು ಹೋಗುವುದು?

ನಮ್ಮ ಕಡೆ ದೊಡ್ಡವನೊಬ್ಬ ಓಡಿದರೆ ಎಲ್ಲೋ ಯಾರಿಗೋ ಏನೋ ಆಗಿದೆ ಎಂದೇ ಅರ್ಥ. ಅಭ್ಯಾಸದ ಮೊದಲ ದಿನ ಕುರಿ ಹೊಡೆದುಕೊಂಡು ಹೊರಟಿದ್ದ ಮುದುಕರೊಬ್ಬರು, "ನಿಂದರ್ರಿ ಮಾಸ್ತರ, ಯಾರಿಗೇನಾತ್ರಿ?" ಎಂದು ಗಾಬರಿಯಾದರು. ಏನೂ ಆಗಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದರೆ ನಂಬಲಿಲ್ಲ; ಒಬ್ಬನನ್ನೇ ಬಿಡಬಾರದೆಂದು ಸ್ವಲ್ಪ ದೂರ ತಾವೂ ಓಡಿ ಬಂದರು. ಮರುದಿನದಿಂದ ನಾನು ಕೈಯಲ್ಲಿ ಒಂದು ತಂಬಿಗೆ ಹಿಡಿದೆ. ನಸುಕಿನಲ್ಲಿ ತಂಬಿಗೆ ಹಿಡಿದು ಊರ ಹೊರಗೆ ಓಡುವವನನ್ನು ಯಾರೂ ಏಕೆಂದು ಕೇಳುವುದಿಲ್ಲ, ಎತ್ತಿನ ಗಾಡಿಗಳೂ ದಾರಿ ಬಿಡುತ್ತವೆ. ಆದರೆ ಮೂರನೆಯ ಸಲ ಅದೇ ಹಾದಿಯಲ್ಲಿ ಹಾದಾಗ ಮುದುಕರು ಮರುಗಿದರು: "ಹೊಟ್ಟಿ ಭಾಳ ಕೆಟ್ಟದೇನ್ರಿ? ದಾಳಿಂಬ್ರಿ ಸಿಪ್ಪಿ ಅರದು ಮಜ್ಜಿಗ್ಯಾಗ ಕುಡೀರಿ." ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಂದು ಮಧ್ಯಾಹ್ನ ಹೆಂಡತಿ ಶಾಂತಾ ನನಗೆ ಬರೀ ಗಂಜಿ ಬಡಿಸಿದಳು.

ಓಟ ಭಾನುವಾರ ಬೆಳಗ್ಗೆ ಏಳಕ್ಕೆ ಶುರುವಾಯಿತು. ಮೊದಲ ಹಳ್ಳಿಯಲ್ಲಿ ನನ್ನನ್ನು ಮೂರು ನಾಯಿಗಳು ಅಟ್ಟಿಸಿಕೊಂಡು ಬಂದವು ಎಂದು ಬರೆಯಹೊರಟವನು, ಯಾವುದಕ್ಕೂ ಇರಲಿ ಎಂದು ಆ ವರ್ಷದ ದಿನಚರಿ ತೆಗೆದು ನೋಡಿದೆ. ಅದರಲ್ಲಿ ಇರುವುದು ಒಂದೇ ನಾಯಿ, ಅದೂ ಕುಂಟುವ ನಾಯಿ. ನೆನಪು ಎಂಬುದು ಕೆಲವು ವರ್ಷಗಳಿಗೊಂದರಂತೆ ನಾಯಿ ಸಾಕಿಕೊಳ್ಳುತ್ತದೆ. ಆದರೂ ಎಂಟೂ ಮುಕ್ಕಾಲರ ಹೊತ್ತಿಗೆ ನಾನು ಹದಿಮೂರು ಕಿಲೋಮೀಟರ್ ದಾಟಿದ್ದೆ ಎಂಬುದಕ್ಕೆ ದಿನಚರಿಯ ಸಾಕ್ಷಿ ಇದೆ. ಇನ್ನು ಎಂಟು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಎದುರಿಗೆ, ರಸ್ತೆಯ ನಟ್ಟನಡುವೆ, ರುಮಾಲು ಸುತ್ತಿದ ನನ್ನ ಮಾವನವರು ಎರಡೂ ಕೈ ಅಗಲಿಸಿ ನಿಂತಿದ್ದರು.

ಶಾಂತಾಳ ತವರು ಆ ರಸ್ತೆಗೆ ಹತ್ತಿಕೊಂಡ ಹಳ್ಳಿ. ಅದು ನನಗೆ ಗೊತ್ತಿತ್ತು. ಅವಳು ಅಲ್ಲಿಗೆ ಕಾರ್ಡು ಬರೆದದ್ದು ಗೊತ್ತಿರಲಿಲ್ಲ.

"ಬರ್ರಿ ಅಳಿಯಾರ, ಒಳಗ ಬರ್ರಿ."

"ಮಾವಾರ, ಹತ್ತಕ್ಕ ಮುಟ್ಟಬೇಕ್ರಿ. ಈಗ ನಿಂದ್ರೂದು ಆಗಂಗಿಲ್ರಿ."

ನಾನು ನಿಂತಲ್ಲೇ ಕುಣಿಯುತ್ತ ಹೇಳಿದೆ. ಅತ್ತೆಯವರು ಅಳಿಯನ ಜೊತೆ ನೇರ ಮಾತಾಡುವವರಲ್ಲ. ಬಾಗಿಲ ಮರೆಯಲ್ಲಿ ಸೆರಗು ಎಳೆದುಕೊಂಡು ನಿಂತು ಗಂಡನಿಗೆ ಹೇಳಿದರು: "ಹೇಳ್ರಿ ಅವರಿಗಿ. ಅಳಿಯ ಬಾಗಲ ಮುಂದ ಹಾದು ಹೋಗಿ ಒಂದು ಗುಟುಕು ನೀರೂ ಕುಡೀಲಿಲ್ಲಂದ್ರ ಮಂದಿ ಏನಂದಾರು? ಬೀಗರ ಮನಿಯಾಗ ಏನೋ ಬಿರುಕು ಬಿಟ್ಟದ ಅಂದಾರು. ಇನ್ನೂ ಒಬ್ಬ ಮಗಳ ಮದಿವಿ ಅದ."

ಸುತ್ತಲಿನ ಕಟ್ಟೆಗಳ ಮೇಲೆ ಮಂದಿ ಆಗಲೇ ಕೂತಿದ್ದರು. "ಚಡ್ಡಿ ಹಾಕ್ಕೊಂಡು ಬೀಗತನಕ್ಕ ಬಂದಾನಲ್ಲೋ" ಎಂದು ಒಬ್ಬ ನಕ್ಕ. ಅದನ್ನು ಕೇಳಿದ ಮೇಲೆ ಒಳಗೆ ಹೋಗುವುದೇ ವಾಸಿ ಎನಿಸಿತು. ಒಂದು ಗುಟುಕು ನೀರು ಎಂದರೆ ನಮ್ಮ ಕಡೆ ಮೂರು ಹೋಳಿಗೆ, ಅವು ಮುಳುಗುವಷ್ಟು ತುಪ್ಪ, ಮೇಲೊಂದು ಗ್ಲಾಸು ಹಾಲು. ಒಂಬತ್ತೂಕಾಲಿಗೆ ಎದ್ದರೆ ಅತ್ತೆಯವರು ಮತ್ತೆ ಗಂಡನಿಗೆ, "ಬರಿಗೈಲೆ ಕಳಸ್ತೀರೇನು?" ಎಂದರು. ಮಾವನವರು ಬಿಳಿ ಬಟ್ಟೆಯ ಒಂದು ಗಂಟು ತಂದು ನನ್ನ ಕೈಗಿಟ್ಟರು. ಮಗಳಿಗೆ ಹೋಳಿಗೆ.

ಉಳಿದ ಎಂಟು ಕಿಲೋಮೀಟರನ್ನು ಓಡಿದೆ ಎಂದರೆ ಓಟಕ್ಕೆ ಅವಮಾನ. ನಾನು ಎಡಕ್ಕೆ ವಾಲಿದರೆ ಗಂಟು ಬಲಕ್ಕೆ, ಗಂಟು ನಿಂತರೆ ಹೊಟ್ಟೆಯೊಳಗಿನ ಹಾಲು ಮುಂದಕ್ಕೆ. ಹುಮನಾಬಾದಿನಿಂದ ಬಂದ ಬಸ್ಸೊಂದು ನಿಧಾನಿಸಿತು. ಕಂಡಕ್ಟರ್ ಬಾಗಿಲಿಗೆ ಜೋತು, "ಹತ್ರಿ ಸರ, ಹೆಣ್ಮಕ್ಕಳು ಜಾಗಾ ಕೊಡ್ತಾರ" ಎಂದ. ನಾನು ಹತ್ತಲಿಲ್ಲ. ಈ ಒಂದು ವಿಷಯದಲ್ಲಿ ದಿನಚರಿ ಮತ್ತು ನೆನಪು ಎರಡೂ ಒಪ್ಪುತ್ತವೆ.

ಮೈದಾನ ಮುಟ್ಟಿದಾಗ ಹತ್ತೂ ಇಪ್ಪತ್ತು. ವ್ಯಾಯಾಮ ಶಿಕ್ಷಕರು ಇಬ್ಬರು ಜೊತೆಗಾರರೊಂದಿಗೆ ಸುಣ್ಣದ ಗೆರೆಯ ಪಕ್ಕದ ಮೇಜು ಎತ್ತುತ್ತಿದ್ದರು. ಬೆಳಗಿನ ನಾಲ್ಕಕ್ಕೆ ಎದ್ದವರು, ಚಹಾ ಬಿಟ್ಟು ಏನೂ ಕಂಡಿರಲಿಲ್ಲ.

"ಮುಗೀತಲ್ರಿ ಸರ, ಪಟ್ಟಿ ಬಂದ್ ಆಗ್ಯಾದ," ಎಂದವರು ಮೂಗು ಎತ್ತಿದರು. "ಗಂಟಿನಾಗ ಏನದರಿ?"

ನಾನು ಗಂಟು ಬಿಚ್ಚಿದೆ. ಮೂವರೂ ಮೇಜನ್ನು ಮತ್ತೆ ಇಳಿಸಿದರು. ಎರಡನೆಯ ಹೋಳಿಗೆಯ ನಡುವೆ ಶಿಕ್ಷಕರು ತಮ್ಮ ಗಡಿಯಾರ ಬಿಚ್ಚಿ ಕಿವಿಗೆ ಹಿಡಿದು, "ಇದು ದಿನಾ ಅರ್ಧ ತಾಸು ಮುಂದ ಓಡ್ತದ್ರಿ," ಎಂದು ಬೇಸರಪಟ್ಟರು. ಪಟ್ಟಿಯ ಕೊನೆಯಲ್ಲಿ ನನ್ನ ಹೆಸರು ಬರೆದು ಮುಂದೆ ಒಂಬತ್ತೂ ಐವತ್ತು ಎಂದು ಹಾಕಿದರು. ಹಾಳೆಯ ಆ ಮೂಲೆ ತುಪ್ಪ ಕುಡಿದು ಪಾರದರ್ಶಕವಾಯಿತು. ಮನೆಯಲ್ಲಿ ಶಾಂತಾ ಖಾಲಿ ಬಟ್ಟೆಯನ್ನು ಮೂಸಿ ನೋಡಿ, "ಎಲ್ಲಾ ನೀವೊಬ್ಬರೇ ತಿಂದ್ರೇನ್ರಿ?" ಎಂದಳು. ನಾನು ಹೌದೆಂದೆ. ಎರಡು ದಿನ ಮಾತು ಬಿಟ್ಟಳು.

ಸೋಮವಾರ ತರಗತಿಗೆ ಕಾಲಿಟ್ಟಾಗ ಚಪ್ಪಾಳೆ. ಸಭೆಯಲ್ಲಿ ಎದ್ದು ಕೇಳಿದ್ದ ಆ ವಿದ್ಯಾರ್ಥಿ ಮಾತ್ರ ಕೈ ಎತ್ತಿದ.

"ಸರ್, ನಾನೂ ಒಂಬತ್ತೂ ಐವತ್ತಕ್ಕೇ ಮುಗಿಸಿನ್ರಿ. ಹತ್ತೂವರೆಗೂ ಅಲ್ಲೇ ಕುಂತಿದ್ದೆ. ಹತ್ತರ ಒಳಗ ನೀವು ಬಂದಿದ್ದು ಕಾಣ್ಲೇ ಇಲ್ರಿ?"

ಇತಿಹಾಸದಲ್ಲಿ ಕಣ್ಣಾರೆ ಕಂಡವನ ಮಾತಿಗಿಂತ ಬರೆದಿಟ್ಟ ದಾಖಲೆಗೇ ಬೆಲೆ ಹೆಚ್ಚು ಎಂದೆ.

ಇಡೀ ತರಗತಿ ತಲೆ ಬಗ್ಗಿಸಿ ಅದನ್ನು ಬರೆದುಕೊಂಡಿತು. ಅವನೂ ಬರೆದುಕೊಂಡ.